ಜಾಣಕಿವುಡು

ಜೂನ್ 11

ತಂಗೀ,

ನಿನ್ನ ಮಗಳು ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ, ಅವಳು ಬಿಟ್ಟಷ್ಟರ ಮಟ್ಟಿಗೆ. ನೀನು ಆಸ್ಪತ್ರೆಯ ಬಸ್ಸು ಹತ್ತಿದ ದಿನ ಅವಳು ಒಂದು ಹನಿ ಕಣ್ಣೀರು ಹಾಕಲಿಲ್ಲ. ಬಸ್ಸು ತಿರುವು ದಾಟುವವರೆಗೂ ಕಿಟಕಿಯಲ್ಲಿದ್ದ ನಿನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ನನ್ನ ಹೊಲಿಗೆ ಅಂಗಡಿಗೆ ಬಂದು, ಗುಂಡಿಗಳ ಡಬ್ಬವನ್ನು ನೆಲಕ್ಕೆ ಸುರಿದುಕೊಂಡು ಬಣ್ಣ ಬಣ್ಣ ಬೇರೆ ಮಾಡುತ್ತ ಕೂತುಬಿಟ್ಟಳು. ಅವತ್ತಿನಿಂದ ಅವಳ ಹೆಸರು ಗುಂಡಿ. ಶಾಲೆಯ ಹೆಸರು ಶಾಲೆಗೇ ಇರಲಿ.

ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ನೀನು ಮುದ್ದು ಮಾಡಿ ಹಾಳು ಮಾಡಿದ್ದೀಯ. ಅವಳಿಗೆ ಮನಸ್ಸು ಬಂದರೆ ಹೇಳಿದ್ದು ಕೇಳುತ್ತಾಳೆ, ಇಲ್ಲದಿದ್ದರೆ ಗೋಡೆಗೆ ಹೇಳಿದ ಹಾಗೆ. ಎದುರಿಗೆ ನಿಂತು ಹೇಳಿದರೆ ಚಿನ್ನದಂಥ ಹುಡುಗಿ. ನಾನು ಕೆಲಸದಲ್ಲಿ ಮುಳುಗಿರುವಾಗ ಏನಾದರೂ ಹೇಳಿದೆನೋ, ಒಂದು ಹೇಳಿದರೆ ಇನ್ನೊಂದು ಮಾಡುತ್ತಾಳೆ. ಅಂಗಡಿಗೆ ಬರುವ ಹೆಂಗಸರು 'ಇದು ಜಾಣಕಿವುಡು ಕಣ್ರೀ, ನಮ್ಮ ಮನೆ ಗಂಡಸರಿಗೂ ಇದೇ ಕಾಯಿಲೆ' ಎಂದು ನಗುತ್ತಾರೆ. ಅವರ ಗಂಡಸರಿಗೆ ವಯಸ್ಸಾಗಿದೆ, ನಿನ್ನ ಮಗಳಿಗೆ ಇನ್ನೂ ಆರು. ಈಗಲೇ ತಿದ್ದದಿದ್ದರೆ ಆಮೇಲೆ ಕೈಗೆ ಸಿಗುವವಳಲ್ಲ.

ಔಷಧಿ ಬಿಡಬೇಡ. ಊಟ ಬಿಡಬೇಡ. ಇಲ್ಲಿನ ಚಿಂತೆ ಬಿಡು.

ನಿನ್ನ ಅಕ್ಕ

ಜೂನ್ 23

ಅಕ್ಕಾ,

ಗುಂಡಿಯಂತೆ ಗುಂಡಿ! ನನ್ನ ಬಂಗಾರಿಗೆ ಬೇರೆ ಹೆಸರು ಸಿಗಲಿಲ್ಲವೇ ನಿನಗೆ? ಹೋಗಲಿ, ಅವಳಿಗೆ ಇಷ್ಟವಾದರೆ ಸರಿ.

ಇಲ್ಲಿ ಎಲ್ಲರೂ ಕೆಮ್ಮುವವರೇ. ಯಾರು ಹೇಗೆ ಕೆಮ್ಮುತ್ತಾರೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲೆ. ಕ್ಷಯದಲ್ಲೂ ಸಾದಾ, ಮೊಂಡು ಎಂದು ಎರಡು ಬಗೆಯಂತೆ, ನನ್ನದು ಮೊಂಡು. ದಿನಾ ಇಂಜೆಕ್ಷನ್ ಚುಚ್ಚುತ್ತಾರೆ. ಮಕ್ಕಳನ್ನು ಒಳಗೆ ಬಿಡುವುದಿಲ್ಲ, ನಮ್ಮನ್ನು ಹೊರಗೆ ಬಿಡುವುದಿಲ್ಲ. ಫೋನು ದೊಡ್ಡ ಸಿಸ್ಟರ್ ಕೋಣೆಯಲ್ಲಿದೆ. ಜೀವ ಹೋಗುವ ವಿಷಯವಿದ್ದರೆ ಮಾತ್ರ ಕೊಡುತ್ತಾರೆ. ಹಾಗಾಗಿ ನನ್ನ ಮಾತೆಲ್ಲ ಕಾಗದದಲ್ಲೇ.

ಅವಳು ಹಟಮಾರಿ ಅಲ್ಲ ಕಣೇ. ನನ್ನ ಹತ್ತಿರ ಇದ್ದಾಗ ಯಾವತ್ತೂ ಹಟ ಮಾಡಿದವಳಲ್ಲ. ನನಗೋ ಈ ಉಸಿರಿಗೆ ದೂರದಿಂದ ಕೂಗಲು ಆಗುತ್ತಿರಲಿಲ್ಲ. ಏನು ಹೇಳಬೇಕಾದರೂ ಹತ್ತಿರ ಕರೆದು, ಗಲ್ಲ ಹಿಡಿದು ಹೇಳುತ್ತಿದ್ದೆ. ನೀನೂ ಹಾಗೆ ಮಾಡಿ ನೋಡು. ನಿನ್ನ ಮೂಗಿನ ತುದಿಯ ಕೋಪವನ್ನು ಗಿರಾಕಿಗಳಿಗೆ ಇಟ್ಟುಕೋ.

ನಿನ್ನ ತಂಗಿ

ಜುಲೈ 14

ತಂಗೀ,

ಗಲ್ಲ ಹಿಡಿದು ಹೇಳಲು ನನಗೆಲ್ಲಿದೆ ಪುರಸೊತ್ತು? ಎರಡು ಕೈಯಲ್ಲೂ ಬಟ್ಟೆ, ಬಾಯಲ್ಲಿ ಗುಂಡುಸೂಜಿ. ನಿನಗೆ ಗೊತ್ತಲ್ಲ, ಅಳತೆ ಹಿಡಿಯುವಾಗ ಸೂಜಿಗಳನ್ನೆಲ್ಲ ತುಟಿಯಲ್ಲೇ ಕಚ್ಚಿಕೊಂಡಿರುತ್ತೇನೆ, ಹಲ್ಲು ಬಿಡದೆ ಮಾತಾಡುತ್ತೇನೆ. ಗಿರಾಕಿಗಳಿಗೆ ಅರ್ಥವಾಗುತ್ತದೆ. ನಿನ್ನ ಮಗಳಿಗೆ ಮಾತ್ರ ಆಗುವುದಿಲ್ಲ.

ಮೊನ್ನೆ ಏನು ಮಾಡಿದಳು ಕೇಳು. ನರ್ಸಮ್ಮನೊಬ್ಬರ ಬಿಳಿ ಯೂನಿಫಾರಂ ಮಷೀನಿನ ಮೇಲಿತ್ತು. ಮಷೀನು ಕಿರ್ ಎನ್ನುತ್ತಿತ್ತು. 'ಎಣ್ಣೆ ನಾನು ಹಾಕ್ತೀನಿ ದೊಡ್ಡಮ್ಮ' ಎಂದು ಎಣ್ಣೆ ಡಬ್ಬಿ ಹಿಡಿದುಕೊಂಡು ಬಂದಳು. ಪಾಪ, ಆಸೆಪಡುತ್ತಾಳೆ ಎಂದು ಬಿಟ್ಟೆ. ನಾನು ಈ ಕಡೆ ತಿರುಗಿ ಒಂದು ರವಿಕೆಗೆ ಸೂಜಿ ಚುಚ್ಚುತ್ತಿದ್ದೆ. ಎರಡು ಹನಿ ಬಿದ್ದ ಮೇಲೆ 'ಸಾಕು' ಎಂದೆ. ನಿಲ್ಲಿಸಲಿಲ್ಲ. 'ಸಾಕು, ಸಾಕು' ಎಂದೆ. ಇನ್ನೂ ಜೋರಾಗಿ ಒತ್ತಿದಳು. ತಿರುಗಿ ನೋಡುವಷ್ಟರಲ್ಲಿ ಬಿಳಿ ಬಟ್ಟೆಯೆಲ್ಲ ಎಣ್ಣೆ. 'ಯಾಕೇ ಹಾಕ್ದೆ?' ಎಂದರೆ ನನ್ನ ಮುಖ ನೋಡಿಕೊಂಡು 'ನೀನೇ ಹಾಕು ಹಾಕು ಅಂದ್ಯಲ್ಲ' ಅಂತಾಳೆ! ತಪ್ಪು ಮಾಡಿದ್ದಲ್ಲದೆ ಎದುರುತ್ತರ, ಅದರ ಮೇಲೆ ಸುಳ್ಳು. ಬೆನ್ನಿಗೆ ಒಂದೇಟು ಕೊಟ್ಟೆ. ಅತ್ತಳು, ಆದರೂ ಅದೇ ಮಾತು.

ಶಾಲೆಯಿಂದಲೂ ದೂರು ಬಂದಿದೆ. ಮೇಡಂ ನನ್ನನ್ನು ಕರೆಸಿದ್ದರು. ಪಾಠದ ಹೊತ್ತಿನಲ್ಲಿ ಕಿಟಕಿ ನೋಡುತ್ತಾಳಂತೆ, ಪಕ್ಕದವಳು ಪುಸ್ತಕ ತೆಗೆದ ಮೇಲೆ ಪುಸ್ತಕ ತೆಗೆಯುತ್ತಾಳಂತೆ, ಉಕ್ತಲೇಖನದಲ್ಲಿ ಅರ್ಧಕ್ಕರ್ಧ ತಪ್ಪಂತೆ. 'ಹುಡುಗಿ ಸ್ವಲ್ಪ ಮಂದ ಅನ್ಸುತ್ತೆ. ವರ್ಷದ ಕೊನೇಲೂ ಹೀಗೇ ಇದ್ರೆ ನಮ್ಮಲ್ಲಿ ಇಟ್ಕೊಳ್ಳೋಕಾಗಲ್ಲ, ಬುದ್ಧಿ ಕಮ್ಮಿ ಇರೋ ಮಕ್ಕಳ ಶಾಲೆ ಒಂದಿದೆ, ಅಲ್ಲಿ ವಸತಿನೂ ಇದೆ' ಎಂದರು. ಗುಂಡಿ ಮಂದ ಅಲ್ಲ. ಮಂದವಾಗಿದ್ದರೆ ನನ್ನ ಜೀವವನ್ನು ಇಷ್ಟು ಚೆನ್ನಾಗಿ ಹಿಂಡಲು ಬರುತ್ತಿರಲಿಲ್ಲ.

ನಿನಗೆ ಇದನ್ನೆಲ್ಲ ಬರೆಯಬಾರದು ಅಂದುಕೊಂಡಿದ್ದೆ. ಬರೆದೆ.

ನಿನ್ನ ಅಕ್ಕ

ಜುಲೈ 29

ಅಕ್ಕಾ,

ನಿನ್ನ ಕಾಗದ ಬಂದ ಮೇಲೆ ಊಟ ಸೇರುತ್ತಿಲ್ಲ. ಬೈಯಬೇಡ, ಮೊದಲು ಇದನ್ನು ಪೂರ್ತಿ ಓದು.

ನಮಗೆ ಕೊಡುವ ಇಂಜೆಕ್ಷನ್ ಕಿವಿಗೆ ಪೆಟ್ಟು ಕೊಡಬಹುದಂತೆ. ಅದಕ್ಕೆ ತಿಂಗಳಿಗೊಮ್ಮೆ ಗಾಜಿನ ಗೂಡಿನಲ್ಲಿ ಕೂರಿಸಿ ಕಿವಿ ಪರೀಕ್ಷೆ ಮಾಡುತ್ತಾರೆ. ಕಿವಿಗೆ ಹೆಡ್‌ಫೋನು, ಕೈಯಲ್ಲೊಂದು ಸ್ವಿಚ್ಚು. ಸದ್ದು ಕೇಳಿಸಿದರೆ ಒತ್ತಬೇಕು. ಪರೀಕ್ಷೆ ಮಾಡುವ ಹುಡುಗಿ ಮಾತಿನ ಮಲ್ಲಿ. ನನ್ನ ಪಕ್ಕದ ಹಾಸಿಗೆಯವಳದು ಈ ಸಲ ಕಮ್ಮಿ ಬಂತು. 'ನಂಗೆ ಎಲ್ಲ ಕೇಳ್ಸುತ್ತಲ್ಲಮ್ಮಾ' ಎಂದು ಅವಳು ಗೋಳಾಡಿದಳು. ಆಗ ಈ ಹುಡುಗಿ ಹೇಳಿದಳು: 'ಎಲ್ಲ ಒಟ್ಟಿಗೇ ಹೋಗಲ್ಲಮ್ಮ. ಮೊದಲು ಸಣ್ಣ ದನಿ ಹೋಗುತ್ತೆ. ದಪ್ಪ ದನಿ ಹಾಗೇ ಇರುತ್ತೆ. ಬಾಗಿಲು ಬಡಿದ್ರೆ ಕೇಳುತ್ತೆ, ಕರೆದ್ರೆ ಕೇಳುತ್ತೆ. ಸ, ಶ, ಚ, ಇಂಥಾವು ಮಾತ್ರ ಬಿದ್ದುಹೋಗ್ತಾವೆ. ಮಾತು ನುಸಿ ತಿಂದ ಬಟ್ಟೆ ಥರ ಬರುತ್ತೆ. ತೂತಿರೋ ಕಡೆ ನಾವೇ ಏನೋ ಊಹೆ ಮಾಡ್ಕೋತೀವಿ.'

ಸಾಕು ಎಂಬುದರಲ್ಲಿ 'ಸ' ಬಿದ್ದುಹೋದರೆ ಏನು ಉಳಿಯುತ್ತದೆ ಹೇಳು? ಆಕು. ಕೈಯಲ್ಲಿ ಎಣ್ಣೆ ಡಬ್ಬಿ ಹಿಡಿದ ಮಗು ಅದನ್ನು ಏನೆಂದುಕೊಳ್ಳುತ್ತದೆ? ಹಾಕು. ಅವಳು ಸುಳ್ಳು ಹೇಳಲಿಲ್ಲ ಅಕ್ಕಾ. ನೀನು ಹಾಕು ಎಂದದ್ದೇ ಅವಳಿಗೆ ಕೇಳಿಸಿದ್ದು. ನೀನು ಸಾಕು ಸಾಕು ಎಂದಷ್ಟೂ ಅವಳು ಹಾಕಿದ್ದಾಳೆ, ನೀನು ಹೇಳಿದ ಮಾತು ಮೀರಬಾರದು ಎಂದು.

ನಾಳೆಯೇ ಯಾರಿಗಾದರೂ ಕಿವಿ ತೋರಿಸು. ಕಾಲಿಗೆ ಬೀಳುತ್ತೇನೆ.

ನಿನ್ನ ತಂಗಿ

ಆಗಸ್ಟ್ 9

ತಂಗೀ,

ಕಾಲಿಗೆ ಬೀಳುವ ಮಾತೆಲ್ಲ ಯಾಕೆ? ನಾನೇನು ಅವಳ ಶತ್ರುವೇ? ಕಾಗದ ಓದಿದ ಕೂಡಲೇ ಎದ್ದು ಪರೀಕ್ಷೆ ಮಾಡಿದೆ. ಅವಳು ಆಡುತ್ತ ಕೂತಿದ್ದಾಗ ಸದ್ದಿಲ್ಲದೆ ಹಿಂದೆ ಹೋಗಿ 'ಗುಂಡೀ' ಎಂದೆ. ತಕ್ಷಣ ತಿರುಗಿದಳು. ಅಡುಗೆಮನೆಯಿಂದ ಕರೆದೆ, ಬಂದಳು. ಪಾತ್ರೆ ಬೀಳಿಸಿದೆ, ಬೆಚ್ಚಿಬಿದ್ದಳು. ಬೀದಿಯಲ್ಲಿ ಲಾರಿ ಬಂದರೆ ನನಗಿಂತ ಮೊದಲು ಅವಳಿಗೇ ಗೊತ್ತಾಗುತ್ತದೆ.

ಅಷ್ಟಕ್ಕೇ ಬಿಡಲಿಲ್ಲ. ನಮ್ಮ ಬೀದಿಯ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದೆ. ಕಿವಿಗೆ ದೀಪ ಹಿಡಿದು ನೋಡಿದರು. 'ಗುಗ್ಗೆ ಕೂಡ ಇಲ್ಲ' ಎಂದರು. ಎದುರಿಗೆ ಕೂರಿಸಿಕೊಂಡು ನಿನ್ನ ಹೆಸರೇನು, ಯಾವ ಕ್ಲಾಸು, ಏನು ತಿಂದೆ ಎಂದು ಕೇಳಿದರು. ಎಲ್ಲಕ್ಕೂ ಪಟಪಟ ಉತ್ತರ ಕೊಟ್ಟಳು. 'ಕಿವಿ ಚೆನ್ನಾಗಿದೆ, ತಾಯಿ ಇಲ್ಲದ ಬೇಸರ ಅಷ್ಟೆ' ಎಂದು ಕಳಿಸಿದರು.

ನೀನು ಮಲಗಿದಲ್ಲೇ ಮಲಗಿ ಇಲ್ಲದ್ದನ್ನೆಲ್ಲ ತಲೆಗೆ ಹಚ್ಚಿಕೊಳ್ಳುತ್ತೀಯ. ಇರುವ ಕಾಯಿಲೆ ಒಂದು ವಾಸಿಯಾಗಲಿ, ಇಲ್ಲದ್ದನ್ನು ಹುಡುಕಬೇಡ. ಶಾಲೆಯ ವಿಷಯ ನಾನು ನೋಡಿಕೊಳ್ಳುತ್ತೇನೆ. ದಿನಾ ಸಂಜೆ ಕೂರಿಸಿಕೊಂಡು ಓದಿಸುತ್ತಿದ್ದೇನೆ.

ನಿನ್ನ ಅಕ್ಕ

ಆಗಸ್ಟ್ 18

ಅಕ್ಕಾ,

ಸಿಟ್ಟಾಗಬೇಡ. ನಿನ್ನ ಬಿಟ್ಟರೆ ನನಗೆ ಕೈಯಿಲ್ಲ, ಕಾಲಿಲ್ಲ.

ನಿನ್ನ ಕಾಗದವನ್ನು ಕಿವಿ ಪರೀಕ್ಷೆ ಮಾಡುವ ಆ ಹುಡುಗಿಗೆ ಓದಿ ಹೇಳಿದೆ. ಅವಳು ನಗಲಿಲ್ಲ. 'ಎಲ್ಲ ಮನೇಲೂ ಹೀಗೇ ಮಾಡ್ತಾರೆ, ಎಲ್ಲ ಮಕ್ಕಳೂ ಪಾಸಾಗ್ತಾರೆ' ಎಂದಳು. ಗುಂಡಿ ಎಂಬ ಹೆಸರನ್ನೇ ಒಂದು ಸಲ ಬಾಯಲ್ಲಿ ಅಂದುನೋಡು. ಗು, ಡಿ. ಎಲ್ಲ ದಪ್ಪ ದನಿ. ಅದು ಕೇಳಿಸುತ್ತದೆ. ಪಾತ್ರೆ ಕೇಳಿಸುತ್ತದೆ, ಲಾರಿಯೂ ಕೇಳಿಸುತ್ತದೆ. ಡಾಕ್ಟರು ಎದುರಿಗೆ ಕೂತು ಮಾತಾಡಿದರಲ್ಲ, ಅವಳು ಅವರ ಬಾಯಿ ನೋಡುತ್ತಿದ್ದಳು. ಗಲ್ಲ ಹಿಡಿದು ಹೇಳಿದಾಗ ನನ್ನದನ್ನು ನೋಡುತ್ತಿದ್ದಳಲ್ಲ, ಹಾಗೆ. ನಿನ್ನ ಬಾಯಲ್ಲಿ ಸೂಜಿ ಇದ್ದಾಗಲೇ ಅವಳು ಮಾತು ಕೇಳದಿರುವುದು. ಇದು ನಿನಗೇ ಹೊಳೆಯಲಿಲ್ಲವೇ?

ಹೀಗೆ ಮಾಡು. ಅವಳನ್ನು ಬೆನ್ನು ಮಾಡಿ ನಿಲ್ಲಿಸು. ಆಟ ಎಂದು ಹೇಳು. ಮೆಲ್ಲಗೆ, ಕೂಗದೆ, ಉಪ್ಪು ತಾ, ಸೊಪ್ಪು ತಾ, ಚಿಪ್ಪು ತಾ ಎಂದು ಬೇರೆಬೇರೆ ಹೊತ್ತು ಹೇಳು. ಏನು ತರುತ್ತಾಳೆ ನೋಡು. ಎಲ್ಲ ಸರಿಯಾಗಿ ತಂದರೆ ನನಗೆ ಹುಚ್ಚು ಎಂದುಕೋ, ಇನ್ನೆಂದೂ ಈ ಮಾತೆತ್ತುವುದಿಲ್ಲ.

ನಿನ್ನ ತಂಗಿ

ಸೆಪ್ಟೆಂಬರ್ 12

ಅಕ್ಕಾ,

ಕಾಗದ ಬರಲಿಲ್ಲ. ಅಂಚೆಯವನ ಸೈಕಲ್ಲು ಗೇಟಿಗೆ ಬಂದಾಗ ಎಲ್ಲರಿಗಿಂತ ಮೊದಲು ಎದ್ದು ಕೂರುತ್ತೇನೆ. ಸಿಸ್ಟರ್ ಬೈಯುತ್ತಾರೆ.

ಜ್ವರ ಬಂದು ಇಳಿಯಿತು. ದೊಡ್ಡ ಸಿಸ್ಟರ್ ಹತ್ತಿರ ಫೋನು ಕೇಳಿದೆ. 'ಯಾರಿಗೆ ಸೀರಿಯಸ್?' ಎಂದರು. ಏನೆಂದು ಹೇಳಲಿ? ನನ್ನ ಮಗಳಿಗೆ 'ಸ' ಕೇಳಿಸುವುದಿಲ್ಲ ಎಂದೆ. ಅವರು ನನ್ನ ಹಣೆ ಮುಟ್ಟಿ ನೋಡಿ, ಮಲಗು ಎಂದರು.

ಅವಳಿಗೆ ಮತ್ತೆ ಏಟು ಬೀಳುತ್ತಿದೆಯೇನೋ ಎಂಬ ಯೋಚನೆ ಬಂದರೆ ಗೋಡೆಗೆ ತಲೆ ಚಚ್ಚಿಕೊಳ್ಳೋಣ ಅನ್ನಿಸುತ್ತದೆ. ಒಂದು ಸಾಲು ಬರೆ.

ತಂಗಿ

ಸೆಪ್ಟೆಂಬರ್ 20

ತಂಗೀ,

ನಿನ್ನ ಕಾಗದ ಬಂದ ದಿನ ಸಿಟ್ಟಿನಲ್ಲಿ ಮಡಿಚಿ ಕಪಾಟಿನ ಮೇಲೆ ಎಸೆದಿದ್ದೆ. ಹೊಳೆಯಲಿಲ್ಲವೇ ಎಂದು ಬರೆದಿದ್ದೆಯಲ್ಲ, ಅದು ಚುಚ್ಚಿತು. ಹೋದ ವಾರ, ನಿನಗೆ ಹುಚ್ಚು ಎಂದು ತೋರಿಸಿಯೇ ಬಿಡೋಣ ಎಂದು ಆಟ ಆಡಿಸಿದೆ.

ಬೆನ್ನು ಮಾಡಿ ನಿಲ್ಲಿಸಿದೆ. ಉಪ್ಪು ತಾ ಎಂದೆ, ಉಪ್ಪು ತಂದಳು. ಸೊಪ್ಪು ತಾ ಎಂದೆ, ಉಪ್ಪು ತಂದಳು. ಚಿಪ್ಪು ತಾ ಎಂದೆ. ಒಂದು ಗಳಿಗೆ ನಿಂತಳು. ಮತ್ತೆ ಉಪ್ಪನ್ನೇ ತಂದು, ನನ್ನ ಮುಖವನ್ನು ಹೆದರಿ ಹೆದರಿ ನೋಡಿದಳು. ನಾನು ನಗುತ್ತಿದ್ದೇನೋ, ಹೊಡೆಯುತ್ತೇನೋ ಎಂದು ಲೆಕ್ಕ ಹಾಕುವ ನೋಟ. ಆಮೇಲೆ ಹೇಳಿದಳು: 'ದೊಡ್ಡಮ್ಮ, ಈ ಆಟ ಬೇಡ. ಬಾಯಿ ತೋರ್ಸು, ಆಗ ಕರೆಕ್ಟಾಗಿ ತರ್ತೀನಿ.'

ನಾನು ಅಲ್ಲೇ ನೆಲದ ಮೇಲೆ ಕೂತೆ. ಆಮೇಲೆ ಹಲವು ದಿನ ನಿನಗೆ ಬರೆಯಲು ಕೈ ಏಳಲಿಲ್ಲ ಕಣೇ. ಈಗ ಸೂಜಿಗಳನ್ನು ಎದೆಗೆ ಕಟ್ಟಿಕೊಂಡ ಪುಟ್ಟ ದಿಂಬಿಗೆ ಚುಚ್ಚಿಕೊಳ್ಳುತ್ತೇನೆ. ಅಭ್ಯಾಸಬಲಕ್ಕೆ ಒಂದೊಂದು ಸಲ ಬಾಯಿಗೆ ಹೋಗುತ್ತದೆ, ನೆನಪಾಗಿ ತೆಗೆಯುತ್ತೇನೆ.

ದೊಡ್ಡ ಆಸ್ಪತ್ರೆಯ ಕಿವಿ ವಿಭಾಗದಲ್ಲಿ ಹೆಸರು ಬರೆಸಿದ್ದೇನೆ. ತುಂಬ ಮಕ್ಕಳಿದ್ದಾರಂತೆ, ಸರದಿ ಬರಲು ಕಾಯಬೇಕಂತೆ. ಕಾಯುತ್ತಿದ್ದೇವೆ.

ಅಕ್ಕ

ನವೆಂಬರ್ 3

ತಂಗೀ,

ಪರೀಕ್ಷೆ ಆಯಿತು. ನೀನು ಹೇಳಿದ್ದೇ ನಿಜ. ಎರಡೂ ಕಿವಿಯಲ್ಲಿ ಸಣ್ಣ ದನಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಹುಟ್ಟಿನಿಂದಲೋ ಆಮೇಲೆ ಬಂದದ್ದೋ ಹೇಳಲಾಗುವುದಿಲ್ಲ ಎಂದರು. ಔಷಧಿ ಇಲ್ಲ, ಆಪರೇಷನ್ ಇಲ್ಲ. ಹೋದದ್ದು ವಾಪಸು ಬರುವುದಿಲ್ಲ. ಕಿವಿಗೆ ಮಷೀನು ಹಾಕಿದರೆ ಇದ್ದದ್ದರಲ್ಲಿ ಸ್ವಲ್ಪ ಹೆಚ್ಚು ಕೇಳಿಸುತ್ತದೆ, ಅಷ್ಟೆ.

'ಇಷ್ಟು ದಿನ ಯಾಕಮ್ಮಾ ಯಾರಿಗೂ ಹೇಳ್ಲಿಲ್ಲ?' ಎಂದು ಅಲ್ಲಿಯ ಡಾಕ್ಟರಮ್ಮ ಇವಳ ಗಲ್ಲ ಸವರಿ ಕೇಳಿದರು. 'ಏನ್ ಹೇಳ್ಬೇಕಿತ್ತು?' ಎಂದಳು. ಅವಳಿಗೆ ಅದು ಹೇಳಬೇಕಾದ ವಿಷಯ ಎಂದೇ ಗೊತ್ತಿರಲಿಲ್ಲ. ಎಲ್ಲರಿಗೂ ಹೀಗೇ ಅರ್ಧ ಕೇಳಿಸುತ್ತದೆ, ಉಳಿದವರು ಊಹೆ ಮಾಡುವುದರಲ್ಲಿ ತನಗಿಂತ ಜಾಣರು ಎಂದುಕೊಂಡಿದ್ದಳು.

ಮಷೀನು ಹಾಕಿಸಿದ್ದೇವೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ. ಇಲ್ಲ. ನಲ್ಲಿ ನೀರಿಗೆ ಅಳುತ್ತಾಳೆ, ಕಾಗದ ಮಡಿಚಿದರೆ ಕಿವಿ ಮುಚ್ಚಿಕೊಳ್ಳುತ್ತಾಳೆ, ನನ್ನ ಕತ್ತರಿ ಕಂಡರೆ ಕೋಣೆ ಬಿಟ್ಟು ಓಡುತ್ತಾಳೆ. ನನ್ನ ದನಿಯೂ ಬೇರೆ ಥರ ಕೇಳಿಸುತ್ತದಂತೆ, ನಾನು ಮಾತಾಡಿದರೆ ಬೆದರಿದ ಹಾಗೆ ನೋಡುತ್ತಾಳೆ. ಅಭ್ಯಾಸವಾಗಲು ತಿಂಗಳುಗಟ್ಟಲೆ ಬೇಕಂತೆ. ಶಾಲೆಯ ಮೇಡಂಗೆ ಚೀಟಿ ಕೊಟ್ಟೆ. ಮುಂದಿನ ಬೆಂಚಿನಲ್ಲಿ ಕೂರಿಸಿದ್ದಾರೆ, ಒಳ್ಳೆಯವರು. ಆದರೂ 'ಇಷ್ಟು ಹಿಂದೆ ಬಿದ್ದಿದ್ದಾಳಲ್ಲ, ನೋಡೋಣ' ಎನ್ನುತ್ತಾರೆ. ಆ ವಸತಿ ಶಾಲೆಯ ಮಾತು ಇನ್ನೂ ಹೋಗಿಲ್ಲ.

ನೀನಿದ್ದಿದ್ದರೆ ಅವಳಿಗೆ ಇದೆಲ್ಲ ಇಷ್ಟು ಕಷ್ಟವಾಗುತ್ತಿರಲಿಲ್ಲ. ತಪ್ಪು ತಿಳಿಯಬೇಡ, ದೂರುತ್ತಿಲ್ಲ. ನನ್ನಿಂದ ಆಗುತ್ತಿಲ್ಲ ಎಂದು ಹೇಳುತ್ತಿದ್ದೇನೆ.

ಅಕ್ಕ

ನವೆಂಬರ್ 16

ಅಕ್ಕಾ,

ಓದಿದೆ. ಅತ್ತುಬಿಟ್ಟೆ. ಪಕ್ಕದ ಹಾಸಿಗೆಯವಳು ಬೆನ್ನು ಸವರಿದಳು. ಗೆದ್ದೆನಲ್ಲ, ನಾನು ಹೇಳಿದ್ದೇ ಸರಿಯಾಯಿತಲ್ಲ! ಇಂಥ ಗೆಲುವು ಶತ್ರುವಿಗೂ ಬೇಡ.

ಈಗ ಕೇಳು. ಡಿಸೆಂಬರಿನಲ್ಲಿ ಒಂದು ಭಾನುವಾರ ಮಕ್ಕಳನ್ನು ಅಂಗಳದವರೆಗೆ ಬಿಡುತ್ತಾರಂತೆ. ಒಳಗಲ್ಲ, ಹೊರಗೆ, ಗಾಳಿಯಲ್ಲಿ. ಮಧ್ಯೆ ಸುಣ್ಣದ ಗೆರೆ ಎಳೆದಿರುತ್ತಾರೆ. ಈಚೆ ನಾವು, ಆಚೆ ನೀವು. ಕರೆದುಕೊಂಡು ಬಾ. ಅವಳ ಜೊತೆ ನಾನು ಮಾತಾಡಬೇಕು. ನನ್ನ ಮಗಳು ನನ್ನ ಮಾತನ್ನು ಒಂದು ದಿನವೂ ಪೂರ್ತಿಯಾಗಿ ಕೇಳಿಲ್ಲ ಅಕ್ಕಾ. ಈಗ ಕೇಳಲಿ.

ನಿನ್ನ ತಂಗಿ

ಡಿಸೆಂಬರ್ 22

ಅಕ್ಕಾ,

ನೀವು ಹೋದಾಗಿನಿಂದ ಈ ಕಾಗದವನ್ನು ಎಷ್ಟು ಸಲ ಹರಿದು ಬರೆದೆನೋ.

ನಾವು ರೋಗಿಗಳು ಮಾಸ್ಕ್ ಹಾಕಿಕೊಂಡೇ ಅಂಗಳಕ್ಕೆ ಬರಬೇಕು ಎಂದು ಗೊತ್ತಿತ್ತು. ಅದರ ಅರ್ಥ ಮಾತ್ರ ಗೆರೆಯ ಹತ್ತಿರ ಬರುವವರೆಗೂ ನನ್ನ ತಲೆಗೆ ಹೋಗಲಿಲ್ಲ. 'ಬಂಗಾರೀ' ಎಂದೆ, ಅವಳು ನಿನ್ನ ಸೆರಗಿನ ಹಿಂದೆ ಅಡಗಿದಳು. ಎಷ್ಟು ಕರೆದರೂ ಬರಲಿಲ್ಲ. 'ಇದು ಅಮ್ಮ ಅಲ್ಲ, ಅಮ್ಮನ ದನಿ ಹಿಂಗಿಲ್ಲ' ಎಂದಳಲ್ಲ, ಅದು ನನಗೆ ಚೆನ್ನಾಗಿ ಕೇಳಿಸಿತು. ಆ ಮಷೀನಿನಲ್ಲಿ ನನ್ನ ದನಿ ಬೇರೆ, ನನ್ನ ಬಾಯಿ ಬಟ್ಟೆಯ ಹಿಂದೆ. ಅವಳ ಪಾಲಿಗೆ ಅಲ್ಲಿ ಯಾರೋ ಹೆಂಗಸು ನಿಂತಿದ್ದಳು.

ಅದಕ್ಕೇ ನಾನು ಹಿಂದೆ ಹಿಂದೆ ಹೋದದ್ದು. ಅಂಗಳದ ಕೊನೆಯ ಗೋಡೆಯವರೆಗೂ ಹೋಗಿ, ಅಷ್ಟು ದೂರದಿಂದ ಏನೂ ತಗುಲುವುದಿಲ್ಲ ಎಂದು ಮಾಸ್ಕ್ ಇಳಿಸಿದೆ. ಕೂಗುವ ಉಸಿರಿರಲಿಲ್ಲ. ಬರೀ ತುಟಿ ಆಡಿಸಿದೆ. ನಾನೇ ಕಣೇ ಎಂದೆ. ಆಮೇಲೆ ಬಾ ಎಂದೆ. ಬಾ ಅನ್ನಬಾರದಿತ್ತು. ಬಾಯಿಗೆ ಬಂದದ್ದು ಅದೇ.

ಅವಳ ಮುಖ ಅರಳಿದ್ದನ್ನು ನೀನು ಹಿಂದೆ ನಿಂತು ನೋಡಿರಲಾರೆ. ನಾನು ನೋಡಿದೆ. ನಿನ್ನ ಕೈ ಬಿಡಿಸಿಕೊಂಡು ಗೆರೆ ದಾಟಿ ಓಡಿ ಬಂದಳು. ನಾನು ಎರಡೂ ಕೈ ಎತ್ತಿ ಬೇಡ, ಬೇಡ, ಬರಬೇಡ ಎಂದೆ. ನಿಲ್ಲಲಿಲ್ಲ. ನಾನು ಗೋಡೆಯ ಪಕ್ಕದ ವಾರ್ಡಿನೊಳಗೆ ನುಗ್ಗಿ ಬಾಗಿಲು ಹಾಕಿಕೊಂಡೆ. ಅವಳು ಪುಟ್ಟ ಮುಷ್ಟಿಯಲ್ಲಿ ಬಡಿಯುತ್ತಿದ್ದದ್ದು ಈ ಕಡೆ ಕೇಳಿಸುತ್ತಿತ್ತು. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ.

ಆಮೇಲೆ ಏನಾಯಿತು? ಏನಂದಳು? ಅವಳಿಗೆ ನಾನು ಬೇಡ ಎಂದದ್ದು ಸರಿಯಾಗಿ ತಿಳಿಯದೆ ಹೋಗಿರಲಿ, ಬೇರೇನೋ ಎಂದುಕೊಂಡಿರಲಿ ಎಂದು ದೇವರಲ್ಲಿ ಬೇಡಿಕೊಳ್ಳುತ್ತಿದ್ದೇನೆ. ಇದೊಂದು ಸಲ.

ತಂಗಿ

ಡಿಸೆಂಬರ್ 31

ತಂಗೀ,

ಏನು ಬರೆಯಲಿ? ಸುಳ್ಳು ಬರೆಯೋಣ ಎಂದು ಕೂತೆ. ಬರಲಿಲ್ಲ.

ಸಿಸ್ಟರ್ ಬಂದು ಅವಳನ್ನು ಬಾಗಿಲಿನಿಂದ ಬಿಡಿಸಿ ನನ್ನ ಕೈಗೆ ಕೊಟ್ಟರು. ಬಸ್ಸಿನಲ್ಲಿ ಅಳಲಿಲ್ಲ. ಮಷೀನು ತೆಗೆಯಲೂ ಇಲ್ಲ. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಅವಳ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿಕೊಂಡು, 'ಅಮ್ಮಂಗೆ ಹುಷಾರಿಲ್ಲ ಪುಟ್ಟಾ, ಅದಕ್ಕೇ ಒಳಗೆ ಹೋದ್ಲು. ನೀನು ಅಂದ್ಕೊಂಡ ಹಾಗಲ್ಲ, ಅಮ್ಮ ಬೇರೆ ಏನೋ ಅಂದ್ಲು' ಎಂದೆ. ದೂರ ಇತ್ತು, ಸರಿಯಾಗಿ ತಿಳಿದಿರಲಾರದು ಎಂದೆ.

ನನ್ನ ಬಾಯಿಯನ್ನೇ ನೋಡುತ್ತಿದ್ದಳು, ನಾನು ಮುಗಿಸುವವರೆಗೂ.

'ಇಲ್ಲ ದೊಡ್ಡಮ್ಮ. ಮೊದಲು ಬಾ ಅಂದ್ಲು. ಆಮೇಲೆ ಬೇಡ ಅಂದ್ಲು. ಎರಡೂ ಸರಿಯಾಗೇ ಕೇಳಿಸ್ತು' ಎಂದಳು.

ಅಕ್ಕ